ಸುತ್ತಿಗೆಗಿಂತ ಮೊದಲು ಸೋಪಿನ ನೀರು

ಕಾರಿನ ರಿಮ್ ಬೆಂಡ್ ಆದರೆ ಮನೆಯಲ್ಲೇ ಬಡಿದು ಸರಿ ಮಾಡಬಹುದಾ ಅಂತ ಈಚೆಗೆ ಇಬ್ಬರು ಮೂವರು ಕೇಳಿದರು. ಸ್ಟೀಲ್ ರಿಮ್ ಆಗಿದ್ದು, ಅಂಚು ಮಾತ್ರ ಸ್ವಲ್ಪ ಮಡಚಿದ್ದರೆ ಮಾಡಬಹುದು. ನಾನೇ ಮಾಡಿದ್ದೇನೆ. ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ ರಿಮ್) ಆದರೆ ದಯವಿಟ್ಟು ಕೈ ಹಾಕಬೇಡಿ.

ನನ್ನ ಕಾರಿನ ಹಿಂದಿನ ಚಕ್ರ ರಾತ್ರಿ ಹೊತ್ತು ಗುಂಡಿಗೆ ಬಿತ್ತು. ಧಡ್ ಅಂತ ಸದ್ದು, ಅಷ್ಟೇ. ಟೈರ್ ಒಡೆಯಲಿಲ್ಲ, ಗಾಡಿ ಆರಾಮಾಗಿ ಓಡಿತು, ನಾನೂ ಮರೆತೆ. ಆಮೇಲೆ ನೋಡಿದರೆ ಎರಡು ದಿನಕ್ಕೊಮ್ಮೆ ಗಾಳಿ ಇಳಿಯುತ್ತಿದೆ. ಪಂಕ್ಚರ್ ಇರಬೇಕು ಅಂತ ತೋರಿಸಿದೆ, ಮೊಳೆಯೂ ಇಲ್ಲ ಏನೂ ಇಲ್ಲ. ಕೊನೆಗೆ ಚಕ್ರ ಬಿಚ್ಚಿ ಸುತ್ತಲೂ ಸೋಪಿನ ನೀರು ಹಚ್ಚಿದೆ. ಒಳಮಗ್ಗುಲಲ್ಲಿ, ಟೈರ್ ಮತ್ತು ರಿಮ್ ಕೂಡುವ ಗೆರೆಯಲ್ಲಿ, ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಬೆರಳಾಡಿಸಿದರೆ ಸರಿಯಾಗಿ ಅಲ್ಲೇ ತಗ್ಗು. ಹೊರಗಿನಿಂದ ನೋಡಿದರೆ ರಿಮ್ ದುಂಡಗೇ ಇತ್ತು! ಬೆಂಡ್ ಜಾಸ್ತಿ ಆಗುವುದು ಒಳಮಗ್ಗುಲಲ್ಲೇ, ಯಾಕೆಂದರೆ ಹೊರಗಿನ ಅಂಚಿಗೆ ಚಕ್ರದ ಮುಖದ ಆಸರೆ ಇರುತ್ತದೆ, ಒಳ ಅಂಚಿಗೆ ಅದಿಲ್ಲ.

ಟೈರ್ ಬಿಚ್ಚಿಸಿಕೊಂಡು ಬಂದೆ. ಗಾಳಿ ತುಂಬಿದ ಟೈರ್ ಇರುವಾಗ ರಿಮ್‌ಗೆ ಬಡಿಯುವುದು, ಟೈರ್ ಇರುವಾಗಲೇ ಬೆಂಕಿ ತೋರಿಸುವುದು, ಎರಡೂ ಪ್ರಾಣಕ್ಕೆ ಕುತ್ತು. ಕಾದ ಟೈರ್ ಬಾಂಬ್ ಥರ ಸಿಡಿಯುತ್ತದೆ. ರಿಮ್ಮನ್ನು ದಪ್ಪ ಹಲಗೆಯ ಮೇಲಿಟ್ಟು, ಮಡಚಿದ ಕಡೆ ಗಟ್ಟಿ ಮರದ ತುಂಡು ಒತ್ತಿ ಹಿಡಿದು, ಅದರ ಮೇಲೆ ಸುತ್ತಿಗೆ ಹಾಕಿದೆ. ಕಬ್ಬಿಣದ ಮೇಲೆ ನೇರವಾಗಿ ಹೊಡೆದರೆ ಟೈರ್ ಕೂರುವ ಜಾಗದಲ್ಲೇ ಗಾಯ ಬೀಳುತ್ತದೆ, ಆಮೇಲೆ ಬೆಂಡ್ ಹೋದರೂ ಗಾಳಿ ನಿಲ್ಲುವುದಿಲ್ಲ. ಜೋರಾಗಿ ನಾಲ್ಕು ಏಟಲ್ಲ, ಸಣ್ಣ ಸಣ್ಣ ಏಟು, ತಗ್ಗಿನ ಎರಡೂ ಅಂಚಿನಿಂದ ನಡುವಿಗೆ ಬರುತ್ತಾ. ಮುಕ್ಕಾಲು ಗಂಟೆ ಹಿಡಿಯಿತು, ಕೈ ನೋವು ಬಂತು.

ಆದರೆ ಬಡಿಯುವುದು ಕಷ್ಟದ ಭಾಗ ಅಲ್ಲ. ಸರಿಯಾಗಿದೆಯಾ ಅಂತ ನೋಡುವುದೇ ಮುಖ್ಯ, ನಮ್ಮವರು ಬಿಡುವುದೂ ಅದನ್ನೇ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ (ಬರೀ ಜಾಕಿ ನಂಬಬೇಡಿ), ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಬರೀ ರಿಮ್ಮನ್ನು ನಟ್ ಹಾಕಿ ಕೂರಿಸಿ. ಅಂಚಿನ ಹತ್ತಿರ ಒಂದು ಸ್ಕ್ರೂಡ್ರೈವರ್ ಅಲುಗದಂತೆ ನಿಲ್ಲಿಸಿ ರಿಮ್ ತಿರುಗಿಸಿ. ಎರಡರ ನಡುವಿನ ಸಂದು ಎಲ್ಲಿ ಹಿಗ್ಗುತ್ತದೆ, ಎಲ್ಲಿ ಕುಗ್ಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಮೇಲೆ ಕೆಳಗೂ ನೋಡಿ, ಪಕ್ಕಕ್ಕೂ ನೋಡಿ. ವ್ಯತ್ಯಾಸ ಒಂದು ಮಿಲಿಮೀಟರ್ ಆಸುಪಾಸಿನಲ್ಲಿದ್ದರೆ ನಾನು ಒಪ್ಪುತ್ತೇನೆ. ಎರಡು ಮೂರು ಬಂದರೆ ಆ ರಿಮ್ ಬೇಡ. ಬ್ಯಾಲೆನ್ಸಿಂಗ್‌ನಲ್ಲಿ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದರಲ್ಲಿ ರಿಮ್‌ಗೆ ಹಾಕುವ ಸೀಸದ ತುಂಡು ತೂಕ ಸರಿ ಮಾಡುತ್ತದೆಯೇ ಹೊರತು ಸೊಟ್ಟ ಚಕ್ರವನ್ನು ದುಂಡಗೆ ಮಾಡುವುದಿಲ್ಲ ಅಲ್ವಾ?

ಇನ್ನು ಅಲಾಯ್. ನನಗೆ ಗೊತ್ತಿರುವವರೊಬ್ಬರು ಅಲಾಯ್ ರಿಮ್ಮನ್ನು ಗ್ಯಾಸ್ ಟಾರ್ಚ್‌ನಲ್ಲಿ ಕಾಯಿಸಿ ಬಡಿಸಿಕೊಂಡು ಬಂದರು. ನೋಡಲು ಹೊಸದರಂತಿತ್ತು. ಕೆಲವು ವಾರದ ಮೇಲೆ ಮತ್ತೆ ಗಾಳಿ ಇಳಿಯತೊಡಗಿತು. ಒಳಗೆ ಒರೆಸಿ ನೋಡಿದರೆ, ಬಡಿದ ಜಾಗದಿಂದ ಶುರುವಾಗಿ ಹೆಬ್ಬೆರಳುದ್ದದ ಬಿರುಕು, ಕೂದಲೆಳೆಯಷ್ಟು ಸಣ್ಣ. ಅದರ ಮೇಲೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೈವೇಯಲ್ಲಿ ಓಡಾಡಿದ್ದರು. ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಅಲಾಯ್ ಅಂದರೆ ಹೆಚ್ಚಾಗಿ ಎರಕ ಹೊಯ್ದ ಅಲ್ಯೂಮಿನಿಯಂ. ಅದನ್ನು 500 ಡಿಗ್ರಿಗೂ ಮೇಲೆ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಸುಮಾರು 150ರಿಂದ 170 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟು ಬಲ ಬರಿಸಿರುತ್ತಾರೆ. ಟಾರ್ಚ್ ಹಿಡಿದರೆ ಆ ಹದವೇ ಕೆಡುತ್ತದೆ. ಕಬ್ಬಿಣ ಕಾದರೆ ಕೆಂಪಾಗಿ ನಮಗೆ ತಿಳಿಸುತ್ತದೆ. ಅಲ್ಯೂಮಿನಿಯಂ ಹಗಲು ಬೆಳಕಲ್ಲಿ ಕೆಂಪಾಗುವುದೇ ಇಲ್ಲ, ಸುಮ್ನೆ ಬೆಳ್ಳಗೆ ಇದ್ದು ಒಮ್ಮೆಲೇ ಕರಗುತ್ತದೆ. ಎಷ್ಟು ಕಾದಿದೆ ಅಂತ ಕಣ್ಣಲ್ಲಿ ಅಳೆಯುವುದು ಹೇಗೆ? ಕಾಯಿಸದೆ ಬಡಿದರೆ ಸೀಳಬಹುದು. ಅಳತೆ ನೋಡಿಕೊಂಡು ಹೈಡ್ರಾಲಿಕ್ ಪ್ರೆಸ್‌ನಲ್ಲಿ ನಿಧಾನಕ್ಕೆ ತಳ್ಳುವವರ ಹತ್ತಿರ ಕೊಡಿ. ಬಿರುಕು ಬಿಟ್ಟಿದ್ದರೆ ವೆಲ್ಡಿಂಗ್ ಮಾತೂ ಬೇಡ, ಗುಜರಿಗೆ ಹಾಕಿ.

ನನ್ನ ಸ್ಟೀಲ್ ರಿಮ್‌ಗೆ ಉಪ್ಪುಕಾಗದ ಉಜ್ಜಿ, ಪೇಂಟ್ ಹಚ್ಚಿ, ಟೈರ್ ಕೂರಿಸಿ ಬ್ಯಾಲೆನ್ಸ್ ಮಾಡಿಸಿದೆ. ಸುಮಾರು 100 ಕಿಲೋಮೀಟರ್ ಓಡಿಸಿ ನಟ್‌ಗಳ ಬಿಗಿ ಮತ್ತೊಮ್ಮೆ ನೋಡಿದೆ. ಈಗ ಅದು ಸ್ಟೆಪ್ನಿ. ತಿಂಗಳಿಗೊಮ್ಮೆ ಗಾಳಿ ಅಳೆಯುತ್ತೇನೆ, ಇಲ್ಲಿಯವರೆಗೆ ಇಳಿದಿಲ್ಲ.