ಗೋಡೆಯ ವಾರೆ

ನಮ್ಮ ಮನೆಯಲ್ಲಿ ಬಟ್ಟೆಗೆ ಕಪಾಟು ಅಂತ ಇರಲಿಲ್ಲ, ಗಳ ಇತ್ತು. ಮಲಗುವ ಕೋಣೆಯ ಜಂತಿಗೆ ಎರಡು ಹಗ್ಗ ಇಳಿಬಿಟ್ಟು ಒಂದು ಬಿದಿರ ಗಳ ತೂಗಿಹಾಕಿದರೆ ಮುಗಿಯಿತು. ಅಪ್ಪನ ಪಂಚೆ, ಅಮ್ಮನ ಸೀರೆ, ನಮ್ಮ ಶಾಲೆಯ ಅಂಗಿ, ಮಳೆಗಾಲವಾದರೆ ಅರೆ ಒಣಗಿದ ಟವೆಲು, ಎಲ್ಲವೂ ಅದರ ಮೇಲೆ ಪಂಕ್ತಿಗೆ ಕೂತವರ ಹಾಗೆ ಸಾಲಾಗಿ ಜೋತುಬಿದ್ದಿರುತ್ತಿದ್ದವು. ಯಾರಿಗೆ ಎಷ್ಟು ಬಟ್ಟೆ ಇದೆ, ಯಾವುದು ಹರಿದಿದೆ ಎಂಬುದು ಬಂದ ನೆಂಟರಿಗೂ ಗೊತ್ತಾಗುತ್ತಿತ್ತು. ಒಳ್ಳೆಯ ಸೀರೆಗಳು ಮಾತ್ರ ಮೆತ್ತಿಯ ಮೇಲಿನ ಮರದ ಪೆಟ್ಟಿಗೆಯಲ್ಲಿ, ಲಾವಂಚದ ಬೇರಿನ ಜೊತೆ. ಗಳದ ಬಟ್ಟೆಗೆ ಬೂಸಲು ಬಂದದ್ದು ನನಗೆ ನೆನಪಿಲ್ಲ. ಗಾಳಿ ಅದರ ನಡುವೆ ಮನೆಯ ಮಗುವಿನ ಹಾಗೆ ಓಡಾಡಿಕೊಂಡಿರುತ್ತಿತ್ತು.

ಹೆಂಡತಿ ಕುಮಟೆಯವಳು. ಮದುವೆಯಾಗಿ ಘಟ್ಟ ಹತ್ತಿ ಶಿರಸಿಗೆ ಬರುವಾಗ ಅವಳ ಹಿಂದೆಯೇ ಒಂದು ಕಬ್ಬಿಣದ ಬೀರು ಬಂತು. ಬಾಗಿಲು ತೆಗೆದರೆ ತೋಟದ ಕೆಳಗಿನವರಿಗೂ ಕೇಳುವಂಥ ಬೀರು. ಮೂವತ್ತು ಮಳೆಗಾಲ ಕಂಡ ಮೇಲೆ ಅದರ ಕಾಲು ತುಕ್ಕಿನಲ್ಲಿ ಕರಗಿ, ಒಂದು ಬದಿಗೆ ವಾಲಿ, ಯಾರದೋ ಗುಟ್ಟು ಕೇಳಿಸಿಕೊಳ್ಳುವಂತೆ ನಿಂತಿತ್ತು. ‘ಗೋಡೆಗೇ ಕೂರಿಸಿದ ಕಪಾಟು ಬೇಕು. ನೆಲದಿಂದ ಮುಚ್ಚಿಗೆವರೆಗೆ, ಈ ಗೋಡೆಯಿಂದ ಆ ಗೋಡೆವರೆಗೆ. ಮೇಲೆ ಧೂಳು ಕೂರಬಾರದು, ಕೆಳಗೆ ಬೆಕ್ಕು ಮರಿ ಹಾಕಬಾರದು’ ಎಂದಳು. ಬೇಡಿಕೆ ನ್ಯಾಯವಾದದ್ದೇ. ಬೆಕ್ಕಿನ ವಿಷಯದಲ್ಲಂತೂ ಅವಳಿಗೆ ಅನುಭವವಿತ್ತು.

ಆಚಾರಿಯನ್ನು ಕೇಳಿದೆ. ಮಾರಿಜಾತ್ರೆ ಮುಗಿಯಲಿ ಎಂದರು. ಶಿರಸಿಯಲ್ಲಿ ಈ ಮಾತಿಗೆ ಎದುರಿಲ್ಲ. ದೇವಿಯೇ ಮರದವಳು, ಎರಡು ವರ್ಷಕ್ಕೊಮ್ಮೆ ತೇರು ಏರಿ ಬಿಡಕಿಬೈಲಿಗೆ ಬರುವವಳು. ಅವಳ ಮುಂದೆ ನನ್ನ ಕಪಾಟು ಯಾವ ಲೆಕ್ಕ? ಜಾತ್ರೆ ಮುಗಿಯಿತು. ಆಮೇಲೆ ಗೋವೆಯಲ್ಲೊಂದು ಕೆಲಸ ಒಪ್ಪಿಕೊಂಡಾಗಿದೆ ಎಂದರು. ಅದು ಮುಗಿಯುವಷ್ಟರಲ್ಲಿ ಮಳೆ. ಮಳೆಯಲ್ಲಿ ಮರದ ಕೆಲಸ ಮಾಡಬಾರದು ಎಂಬುದು ಅವರದೇ ಶಾಸ್ತ್ರ. ಬ್ಯಾಂಕಿನಿಂದ ನಿವೃತ್ತನಾಗಿ ಜಗಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದ ನನಗೆ, ಮೂವತ್ತೈದು ವರ್ಷ ಜಮಾ-ಖರ್ಚು ಪೈಸೆ ಪೈಸೆಗೆ ಹೊಂದಿಸಿದವನು ನಾಲ್ಕು ಹಲಗೆ ಹೊಂದಿಸಲಾರೆನೇ ಎನ್ನಿಸಿತು. ಜನವರಿಯಲ್ಲಿ ಕೆಲಸಕ್ಕೆ ಇಳಿದೆ.

ಗುರು ಸಿಕ್ಕಿದ್ದು ಮೊಬೈಲಿನಲ್ಲಿ. ಗಡ್ಡ ಬಿಟ್ಟ ಒಬ್ಬ ಅಮೆರಿಕನ್. ಅವನು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾನೆ. ಟೊಳ್ಳು ಸದ್ದು ಬಂದರೆ ಜಿಪ್ಸಮ್ ಹಲಗೆ, ಗಟ್ಟಿ ಸದ್ದು ಬಂದರೆ ಹಿಂದೆ ಮರದ ಕಂಬ ಇದೆ ಎಂದರ್ಥ. ಅಲ್ಲಿಗೇ ಸ್ಕ್ರೂ ಹೊಡೆಯುತ್ತಾನೆ. ನಾನೂ ತಟ್ಟಿದೆ. ನಮ್ಮದು ಚಿರೆಕಲ್ಲಿನ ಗೋಡೆ, ಕಲ್ಲಿನ ನಡುವೆ ಮಣ್ಣು, ಮೇಲೆ ಅಜ್ಜನ ಕಾಲದ ಸುಣ್ಣದ ಗಾರೆ. ತಟ್ಟಿದಲ್ಲಿಂದ ಅಂಗೈಯಗಲ ಗಾರೆ ಕಳಚಿ ಕಾಲ ಮೇಲೆ ಬಿತ್ತು. ಡ್ರಿಲ್ಲು ಹಾಕಿದರೆ ಮಣ್ಣಿನ ಸಂದಿಯಲ್ಲಿ ಪ್ಲಾಸ್ಟಿಕ್ ಪ್ಲಗ್ಗು ಗಿರಗಿರನೆ ತಿರುಗುತ್ತದೆಯೇ ಹೊರತು ಕಚ್ಚುವುದಿಲ್ಲ. ಕಡೆಗೆ ಸಂದಿ ಬಿಟ್ಟು ಕಲ್ಲಿನ ಮೈಗೇ ತೂತು ಕೊರೆದು, ಮರದ ಗೂಟ ಹೊಡೆದು, ಗೂಟಕ್ಕೆ ಸ್ಕ್ರೂ ಹಾಕಬೇಕಾಯಿತು. ಅಜ್ಜನ ಭಾವಚಿತ್ರದ ಮೊಳೆಯೂ ಹಾಗೇ ಗೂಟದಲ್ಲಿ ಕೂತಿದೆ ಎಂಬುದನ್ನು ಆಗ ಗಮನಿಸಿದೆ. ಎಪ್ಪತ್ತು ವರ್ಷವಾದರೂ ಅಜ್ಜ ಅಲ್ಲಾಡಿಲ್ಲ.

ಅಳತೆಯ ಕತೆ ಇನ್ನೂ ದೊಡ್ಡದು. ಕಪಾಟು ಕೂರಬೇಕಾದ ಜಾಗದ ಅಗಲವನ್ನು ನೆಲದ ಹತ್ತಿರ ಅಳೆದೆ: 80 ಇಂಚು ನಾಲ್ಕು ಸೂತ, ಇಂಚಿಗೆ ಎಂಟು ಸೂತ ಎಂಬ ಆಚಾರಿಯ ಲೆಕ್ಕದಲ್ಲಿ. ಸೊಂಟದ ಮಟ್ಟದಲ್ಲಿ 81 ಇಂಚು ಎರಡು ಸೂತ. ಮುಚ್ಚಿಗೆಯ ಕೆಳಗೆ 82. ಟೇಪು ಕೆಟ್ಟಿದೆ ಎಂದುಕೊಂಡು ಇನ್ನೊಂದು ಟೇಪು ತಂದೆ. ಅದೂ ಅದೇ ಸುಳ್ಳು ಹೇಳಿತು. ತೂಗುಗುಂಡು ಇಳಿಬಿಟ್ಟು ನೋಡಿದರೆ ಎರಡು ಗೋಡೆಗಳೂ, ಮನಸ್ತಾಪವಾದ ಅಣ್ಣತಮ್ಮಂದಿರ ಹಾಗೆ, ಮೇಲೆ ಮೇಲೆ ಹೋದಂತೆ ಒಂದನ್ನೊಂದು ಬಿಟ್ಟು ದೂರ ಸರಿದಿವೆ. ನಾನು ಹುಟ್ಟಿದ್ದು ಈ ಕೋಣೆಯಲ್ಲಿ. ಅರವತ್ತು ವರ್ಷ ಈ ಗೋಡೆ ನೋಡಿಕೊಂಡೇ ಮಲಗಿದ್ದೇನೆ. ಇದು ವಾರೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಬೀರು, ಮಂಚ, ಮೇಜು ಎಲ್ಲ ಗೋಡೆಯಿಂದ ಒಂದು ಗೇಣು ದೂರ ನಿಂತು ಮನೆಯ ಮಾನ ಕಾಯುವ ಸಭ್ಯಸ್ಥರು. ಗೋಡೆಗೇ ಕೂರುವ ಕಪಾಟು ಹಾಗಲ್ಲ, ಒಳಮನೆಗೆ ಬಂದ ಬೀಗರಂತೆ, ಎಲ್ಲ ಗೊತ್ತಾಗಿಬಿಡುತ್ತದೆ.

ಅಳತೆಯ ಭಾಷೆಯೇ ಒಂದು ಸಂತೆ ನೋಡಿ. ಪ್ಲೈವುಡ್ಡಿನ ಉದ್ದಗಲ ಅಡಿಯಲ್ಲಿ, 8 ಅಡಿಗೆ 4 ಅಡಿ. ದಪ್ಪ ಮಾತ್ರ ಮಿಲಿಮೀಟರಿನಲ್ಲಿ, 18. ಆಚಾರಿಯ ಲೆಕ್ಕ ಇಂಚು ಮತ್ತು ಸೂತ. ಬಾಗಿಲಿನ ಹಿಂಜಿಗೆ ಕೊರೆಯುವ ಗುಂಡಿ 35 ಮಿಲಿಮೀಟರು. ಈ ಮೂರು ದೇಶದ ನಾಣ್ಯವನ್ನೂ ತಲೆಯಲ್ಲೇ ವಿನಿಮಯ ಮಾಡಬೇಕು. ಇದರ ಮೇಲೆ ಗರಗಸದ ಕಮಿಷನ್ ಬೇರೆ: 4 ಅಡಿ ಅಗಲದ ಹಲಗೆಯನ್ನು ನಡುವೆ ಸೀಳಿದರೆ 2 ಅಡಿಯ ಎರಡು ಸಿಗುತ್ತವೆ ಎಂದು ಶಾಲೆಯ ಗಣಿತ ಹೇಳುತ್ತದೆ. ಸಿಗುವುದಿಲ್ಲ. ಗರಗಸದ ಹಲ್ಲು ತನ್ನ ದಪ್ಪದಷ್ಟನ್ನು ತಿಂದು ಪುಡಿ ಮಾಡಿ ನೆಲಕ್ಕೆ ಉಗುಳಿರುತ್ತದೆ. ಬ್ಯಾಂಕಿನವನಾದ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಇನ್ನು ದಿಕ್ಕು. ಭಾರದ ಕಪಾಟು ನೈಋತ್ಯ ಮೂಲೆಯಲ್ಲೇ ಇರಬೇಕೆಂದು ವಾಸ್ತು ಬಲ್ಲ ನೆಂಟರೊಬ್ಬರು ಅಪ್ಪಣೆ ಕೊಡಿಸಿದರು. ನಮ್ಮೂರಿಗೆ ಮಳೆ ಬರುವುದೂ ನೈಋತ್ಯದಿಂದಲೇ. ಜೂನಿನಿಂದ ಸೆಪ್ಟೆಂಬರಿನವರೆಗೆ ಆ ಮೂಲೆಯ ಗೋಡೆ ನೀರು ಕುಡಿದ ಸ್ಪಂಜು. ಹಿಂದಿನವರು ಮಳೆಗಾಲಕ್ಕೆ ಮುಂಚೆ ಆ ಬದಿಗೆ ಅಡಿಕೆ ಸೋಗೆ ಕಟ್ಟಿ ಗೋಡೆಗೆ ಕಂಬಳಿ ಹೊದೆಸುತ್ತಿದ್ದರು. ಈಗ ಸೋಗೆ ಕಟ್ಟುವವರಿಲ್ಲ, ವಾಸ್ತು ಹೇಳುವವರಿದ್ದಾರೆ. ‘ಕುಬೇರನ ದಿಕ್ಕಿಗೆ ಬಾಗಿಲು ತೆಗೀತದೆ, ದುಡ್ಡು ನಿಲ್ತದೆ’ ಎಂದರು. ದುಡ್ಡು ನಿಲ್ಲುವುದು ಆಮೇಲೆ, ಮೊದಲು ಸೀರೆಗೆ ಬೂಸಲು ಹಿಡಿಯುತ್ತದೆ. ಮಾತು ಬೆಳೆಸದೆ ನಡುದಾರಿ ಹಿಡಿದೆ: ಜಾಗ ನೈಋತ್ಯವೇ, ಆದರೆ ಕಪಾಟಿನ ಬೆನ್ನಿಗೂ ಗೋಡೆಗೂ ನಡುವೆ ಎರಡು ಇಂಚು ಖಾಲಿ, ಗಾಳಿಯಾಡಲು ಕೆಳಗೂ ಮೇಲೂ ತೂತು, ಒಳಗೊಂದು ಬಲ್ಬು. ಮಳೆಗಾಲದಲ್ಲಿ ಕಪಾಟಿನೊಳಗೆ ಬಲ್ಬು ಉರಿಸಿ ಬಟ್ಟೆ ಬೆಚ್ಚಗಿಡುವ ಉಪಾಯ ನಮ್ಮ ಕಡೆಯ ಎಲ್ಲ ಮನೆಗೂ ಗೊತ್ತು. ಈಗಿನ ಎಲ್‌ಇಡಿ ಬಲ್ಬು ಮಾತ್ರ ಈ ಕೆಲಸಕ್ಕೆ ಬಾರದು. ಬೆಳಕು ಬಿಟ್ಟರೆ ಅದರಲ್ಲಿ ಏನೂ ಇಲ್ಲ. ಹಳೆಯ ತಂತಿಯ ಬಲ್ಬು ಹುಡುಕಿಕೊಂಡು ಪೇಟೆಯಲ್ಲಿ ನಾಲ್ಕು ಅಂಗಡಿ ಸುತ್ತಿದೆ.

ಕಪಾಟಿನ ಡಬ್ಬಿಯನ್ನು ನೆಲದ ಮೇಲೆ ಅಂಗಾತ ಮಲಗಿಸಿ ಜೋಡಿಸಿದೆ. ಎತ್ತರ 96 ಇಂಚು, ಆಳ 24. ನೆಲದಿಂದ ಮುಚ್ಚಿಗೆಗೆ 97 ಇಂಚು ನಾಲ್ಕು ಸೂತ. ಒಂದೂವರೆ ಇಂಚು ಮಿಗುತ್ತದೆ, ಎಂಥ ಲೆಕ್ಕಾಚಾರ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅಕ್ಕಪಕ್ಕದ ಮನೆಯ ಮೂವರನ್ನು ಕರೆದು, ಚಾ ಕುಡಿಸಿ, ಎತ್ತಿ ನಿಲ್ಲಿಸಲು ಹೊರಟರೆ ಮುಕ್ಕಾಲು ದಾರಿಯಲ್ಲಿ ಮುಂದಿನ ಮೇಲ್ಮೂಲೆ ಹೋಗಿ ಮುಚ್ಚಿಗೆಯ ಹಲಗೆಗೆ ಕಚ್ಚಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕಪಾಟು ನಿಂತ ಮೇಲೆ 96 ಇಂಚು ನಿಜ. ಆದರೆ ಏಳುವಾಗ ಅದು ತನ್ನ ಕರ್ಣದ ಮೇಲೆ ಏಳುತ್ತದೆ, ಆ ಕರ್ಣ 99 ಇಂಚಿಗೆ ಕೂದಲೆಳೆಯಷ್ಟು ಕಡಿಮೆ. ರಥದ ಗಾಲಿ ಹೂತದ್ದು ಮಹಾಭಾರತದ ಕರ್ಣನಿಗೆ; ನನ್ನ ರಥ ಕರ್ಣದಲ್ಲೇ ಹೂತಿತು. ನಾಲ್ವರೂ ಅದನ್ನು ಹೆಗಲ ಮೇಲೆ ಹೊತ್ತು ನಿಂತಿರುವಾಗ ಗೋಕರ್ಣದಲ್ಲಿ ವೇದ ಓದಿದ ದೊಡ್ಡಪ್ಪ ಕೋಲು ಊರಿಕೊಂಡು ಬಾಗಿಲಿಗೆ ಬಂದ. ಒಂದು ಕ್ಷಣ ನೋಡಿದ. ‘ದಿನಾ ಅಭಿವಾದಯೇ ಹೇಳಕಾರೆ ಬೌಧಾಯನಸೂತ್ರ ಹೇಳಿ ಹೇಳ್ತೆ. ಕರ್ಣದ ಲೆಕ್ಕ ನಮ್ಮಲ್ಲಿ ಮೊದಲು ಹೇಳಿದ್ದು ಯಾರು ಹೇಳಿ ಗೊತ್ತಿಲ್ಯನ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಕವಳದ ತಟ್ಟೆಯ ಕಡೆ ನಡೆದ. ಯಜ್ಞದ ವೇದಿಗೆ ಹಗ್ಗ ಹಿಡಿದು ಆಯತದ ಕರ್ಣ ಅಳೆದ ಆ ಋಷಿಯ ಹೆಸರನ್ನು ನಾನು ಎಂಟನೇ ವಯಸ್ಸಿನಿಂದ, ಗೋತ್ರ ಸೂತ್ರ ಹೇಳಿ ನಮಸ್ಕರಿಸುವ ಅಭಿವಾದನದಲ್ಲಿ, ಕಿವಿ ಮುಟ್ಟಿಕೊಂಡು ಹೇಳುತ್ತಾ ಬಂದವನು. ಕೆಲಸಕ್ಕೆ ಬಂದ ದಿನ ನೆನಪಾಗಲಿಲ್ಲ.

ಪರಿಹಾರ ಸುಲಭವಿತ್ತು. ಬುಡದ ನಾಲ್ಕು ಇಂಚು ಕತ್ತರಿಸಿ ಅದನ್ನು ಬೇರೆ ಪೀಠ ಮಾಡುವುದು. 92 ಇಂಚಿನ ಡಬ್ಬಿಯ ಕರ್ಣ 95. ಸರಾಗ ಎದ್ದಿತು, ಎತ್ತಿ ಪೀಠದ ಮೇಲೆ ಕೂರಿಸಿದೆವು. ಅಡಿಯ ಪೀಠ ಯಾಕೆ ಬೇರೆ ಎಂದು ಈಗ ಯಾರಾದರೂ ಕೇಳಿದರೆ, ನೆಲ ಒರೆಸುವ ನೀರು ತಾಗದಿರಲಿ ಎಂದು ಹೇಳುತ್ತೇನೆ. ಅದೂ ಸುಳ್ಳಲ್ಲ.

ಡಬ್ಬಿ ನಿಂತಿತು. ಆದರೆ ಎರಡೂ ಬದಿಗೆ, ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿ, ಗೋಡೆಯ ಮಾನ ಹರಾಜು ಹಾಕುವ ಸಂದಿ. ಅಷ್ಟರಲ್ಲಿ ಗೋವೆಯಿಂದ ಬಂದ ಆಚಾರಿ, ‘ಎಂತ ಮಾಡಿದ್ರಿ ನೋಡುವ’ ಎಂದು ಒಳಗೆ ಬಂದರು. ನಾನು ಸಿಮೆಂಟು ತುಂಬಿ ಗೋಡೆ ಸರಿಮಾಡುವ ಯೋಚನೆಯಲ್ಲಿದ್ದೆ. ಅವರು ಒಂದು ಉದ್ದ ಪಟ್ಟಿಯನ್ನು ಗೋಡೆಗೆ ಒರಗಿಸಿ ತೂಗುಗುಂಡಿಗೆ ನೆಟ್ಟಗೆ ನಿಲ್ಲಿಸಿದರು. ನೆಲದಲ್ಲಿ ಬಿದ್ದಿದ್ದ ಪ್ಲೈ ಚೂರೊಂದನ್ನು ಗೋಡೆಗೆ ತಾಗಿಸಿ, ಅದರ ಈಚೆ ತುದಿಗೆ ಪೆನ್ಸಿಲು ಹಿಡಿದು, ಎರಡನ್ನೂ ಒಟ್ಟಿಗೆ ಮೇಲಿಂದ ಕೆಳಗೆ ಜಾರಿಸಿಕೊಂಡು ಬಂದರು. ಗೋಡೆಯ ಉಬ್ಬು ತಗ್ಗೆಲ್ಲ ಹಲಗೆಯ ಮೇಲೆ ಗೆರೆಯಾಗಿ ಮೂಡಿತು. ನಕ್ಷೆಯಲ್ಲಿ ಅಘನಾಶಿನಿ ಹರಿದ ಹಾಗೆ. ಆ ಗೆರೆಯ ಗುಂಟ ಕೊಯ್ದು, ಮರ ಹೆರೆಯುವ ಕೀಸುಳಿ ಎರಡು ಸಲ ಎಳೆದು, ಪಟ್ಟಿಯನ್ನು ಒತ್ತಿದರೆ ಗೋಡೆಗೂ ಹಲಗೆಗೂ ನಡುವೆ ಕಾಗದ ತೂರದು. ‘ಗೋಡೆ ಸೀದಾ ಮಾಡೂಕೆ ಹೋಗ್ಬೇಡಿ. ಹಲಗೆ ವಾರೆ ಮಾಡೂದು ಸಸಾರ’ ಎಂದರು. ಮಜೂರಿ ಕೇಳಲಿಲ್ಲ. ಹೋಗುವಾಗ ಒಂದೇ ಮಾತು ಹೇಳಿದರು: ಡ್ರಾವರಿಗೆ ಸುತ್ತ ಒಂದು ಸೂತ ಸಡಿಲ ಬಿಡಿ, ಎರಡು ಡ್ರಾವರಿನ ನಡುವೆ ಹಲಗೆ ಹಾಕಬೇಡಿ.

ಡ್ರಾವರಿಗೆ ಮರ ಮನೆಯಲ್ಲೇ ಇತ್ತು. ಗಾಳಿಮಳೆಗೆ ಬಿದ್ದ ಹಲಸಿನ ಮರವನ್ನು ಅಪ್ಪ ಕೊಯ್ಯಿಸಿ, ನಡುವೆ ರೀಪು ಇಟ್ಟು ಮೆತ್ತಿಯ ಮೇಲೆ ಪೇರಿಸಿಟ್ಟು ಇಪ್ಪತ್ತು ವರ್ಷ ದಾಟಿದೆ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು ಎಂಬುದು ಹಳೆಯ ಲೆಕ್ಕ. ಇದು ಒಣಗಿ ಪಿಂಚಣಿಗೂ ಬಂದಿತ್ತು. ಹೊರಗಿನ ಬಿಳಿಯ ಭಾಗವನ್ನು ಕುಟ್ಟೆಹುಳು ಹಿಟ್ಟು ಮಾಡಿತ್ತು, ಒಳಗಿನ ಗಟ್ಟಿ ಚೇಗಿನ ತಂಟೆಗೆ ಬಂದಿರಲಿಲ್ಲ. ಮೇಲ್ಮೈ ಕಾಫಿಯ ಬಣ್ಣ. ಕೀಸುಳಿ ಒಂದು ಸಲ ಎಳೆದದ್ದೇ ಒಳಗಿನಿಂದ ಅರಿಸಿನ ಎದ್ದು ಬಂತು. ಹಲಸಿನ ಮರ ಹಾಗೆ, ಬಿಸಿಲು ಗಾಳಿ ಕಂಡಷ್ಟೂ ಕಪ್ಪಿಡುತ್ತ ಹೋಗುತ್ತದೆ, ಒಳಗೆ ಮಾತ್ರ ಮದುಮಗಳಾಗೇ ಇರುತ್ತದೆ. ವೀಣೆಗೆ, ಮದ್ದಳೆಗೆ ಆಗುವ ಮರ. ಯಾವುದೋ ಚಂಡೆಮದ್ದಳೆಯ ಮೇಳ ಸೇರಬೇಕಾದದ್ದು ನನ್ನ ಕೈಗೆ ಸಿಕ್ಕಿ ಡ್ರಾವರಾಯಿತು. ಒಂದು ಹಲಗೆಯ ಮೇಲೆ ಅಪ್ಪ ಇದ್ದಿಲಿನಲ್ಲಿ ‘ಬಾಗಿಲಿಗೆ’ ಎಂದು ಬರೆದಿಟ್ಟಿದ್ದ. ಯಾವ ಬಾಗಿಲಿಗೆ ಎಂದು ಬರೆದಿರಲಿಲ್ಲ. ಆ ಮುಖಕ್ಕೆ ಕೀಸುಳಿ ಹಾಕದೆ, ಅಕ್ಷರ ಒಳಗೆ ಬರುವಂತೆ ಕೆಳಗಿನ ಡ್ರಾವರಿಗೆ ಜೋಡಿಸಿದೆ.

ಏಪ್ರಿಲ್ಲಿನ ಒಣ ಸೆಕೆಯಲ್ಲಿ ಡ್ರಾವರುಗಳು ಬೆಣ್ಣೆಯಲ್ಲಿ ಚೂರಿ ಹೋದಂತೆ ಹೋಗಿ ಬರುತ್ತಿದ್ದವು. ಒಂದು ಸೂತ ಸಡಿಲ ಬಿಟ್ಟರೆ ಸಂದಿ ಎದ್ದು ಕಾಣುತ್ತದೆಂದು ನಾನು ಕಾಗದದಷ್ಟೇ ಬಿಟ್ಟಿದ್ದೆ. ಡ್ರಾವರಿನ ನಡುವೆ ಹಲಗೆಯನ್ನೂ ಹಾಕಿದ್ದೆ. ಮೇಲಿನದರಿಂದ ಕೆಳಗಿನದಕ್ಕೆ ಧೂಳು ಉದುರದಿರಲಿ ಎಂದು ಗಡ್ಡದ ಗುರು ಹೇಳಿದ್ದ. ಅವನ ಊರಿನಲ್ಲಿ ಧೂಳಿರಬಹುದು, ಮಳೆ ಇಲ್ಲ. ಕಪಾಟು ನೋಡಲು ಊರವರು ಬಂದರು. ಹೆಂಡತಿ ಬೀರುವಿನ ಸೀರೆಗಳನ್ನೆಲ್ಲ ಸಾಗಿಸಿದಳು, ಲಾವಂಚದ ಕಟ್ಟು ಇಟ್ಟಳು. ಜಗಲಿಯಲ್ಲಿ ಹರಡಿದ್ದ ನನ್ನ ಉಳಿ, ಕೊಡತಿ, ಗರಗಸಗಳನ್ನು ಮಳೆಗೆ ತುಕ್ಕು ಹಿಡಿಯದಂತೆ ಎಣ್ಣೆಬಟ್ಟೆಯಲ್ಲಿ ಸುತ್ತಿ, ‘ಇನ್ನು ಎಂತದೂ ಮಾಡದು ಬ್ಯಾಡ’ ಎಂದು ಕೆಳಗಿನ ಡ್ರಾವರಿನಲ್ಲಿಟ್ಟು ಮುಚ್ಚಿದಳು.

ಆರಿದ್ರಾ ಮಳೆ ಹಿಡಿಯಿತು. ಮರ ಉದ್ದಕ್ಕೆ ಬೆಳೆಯುವುದಿಲ್ಲ, ನೀರಿನ ಪಸೆ ಕುಡಿದು ಅಡ್ಡಕ್ಕೆ ಉಬ್ಬುತ್ತದೆ. ಇಪ್ಪತ್ತು ವರ್ಷ ಒಣಗಿದ ಮರವೂ ಉಬ್ಬುತ್ತದೆ. ಪುನರ್ವಸುವಿನ ಹೊತ್ತಿಗೆ ಡ್ರಾವರು ಬಿಗಿಯಾಯಿತು. ಪುಷ್ಯಕ್ಕೆ ಕಾಲು ಕೊಟ್ಟು ಎಳೆಯಬೇಕಾಯಿತು. ಆಶ್ಲೇಷದಲ್ಲಿ ಹಿಡಿಕೆಯೇ ಕೈಗೆ ಬಂತು. ಬಲ್ಬು ಉರಿಸಿ ನೋಡಿದೆ. ಅದರ ಶಾಖ ಮೇಲಿನ ಸೀರೆಗಳಿಗೆ ಮಾತ್ರ, ಕೆಳಗಿನ ಡ್ರಾವರಿಗೆ ತಲುಪದಂತೆ ನಡುವೆ ನನ್ನ ಹಲಗೆ ಇದೆ. ಮೇಲಿನ ಡ್ರಾವರು ಬಿಚ್ಚಿ ಕೈ ಇಳಿಬಿಡೋಣವೆಂದರೆ ಅಲ್ಲಿಯೂ ಅದೇ ಹಲಗೆ, ಅಂಟು ಹಾಕಿ ಸ್ಕ್ರೂ ಬಿಗಿದದ್ದು.

ಆಚಾರಿಗೆ ಫೋನು ಮಾಡಿದೆ. ಮತ್ತೆ ಗೋವೆಯಲ್ಲಿದ್ದರು. ಎಲ್ಲ ಕೇಳಿಸಿಕೊಂಡು, ಅಂಚಿಗೆ ಕೀಸುಳಿ ನಾಲ್ಕು ಸಲ ಎಳೆದರೆ ಸರಿಯಾಗುತ್ತದೆ, ಅದೇನು ದೊಡ್ಡ ವಿಷಯವಲ್ಲ ಎಂದರು.

‘ಕೀಸುಳಿ ಡ್ರಾವರಿನ ಒಳಗೇ ಇದೆ’ ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಮಳೆಯ ಸದ್ದು ಮಾತ್ರ, ಅಲ್ಲಿಯದೋ ಇಲ್ಲಿಯದೋ. ಆಮೇಲೆ, ‘ಹಾಗಾದ್ರೆ ದೀಪಾವಳಿವರೆಗೆ ಬಿಡಿ, ಅದೇ ಬತ್ತದೆ’ ಎಂದರು.