ಕಿವಿ ಇದ್ದರೆ ಸಾಕು, ಪಾಠ ಆಯಿತು

ಮನಃಶಾಸ್ತ್ರದ ಪಠ್ಯಪುಸ್ತಕ ತೆರೆದವರಿಗೆ ಆರಂಭದಲ್ಲೇ ಎದುರಾಗುವುದು ಸಂವೇದನೆ ಬೇರೆ, ಗ್ರಹಿಕೆ ಬೇರೆ ಎಂಬ ಪಾಠ. ಗಾಳಿಯಲ್ಲಿ ಬಂದ ಶಬ್ದ ಕಿವಿಯ ತಮಟೆಯನ್ನು ನಡುಗಿಸಿ, ಮೂರು ಪುಟ್ಟ ಮೂಳೆಗಳನ್ನು ಅಲುಗಿಸಿ, ಒಳಗಿವಿಯ ರೋಮಕೋಶಗಳನ್ನು ಬಾಗಿಸಿ, ಸಂಕೇತವಾಗಿ ನರಕ್ಕೆ ದಾಟಿದರೆ ಸಂವೇದನೆ ಮುಗಿಯಿತು. ಆ ಸಂಕೇತಕ್ಕೆ ಮಿದುಳು ಅರ್ಥ ಕಟ್ಟಿದರೆ ಅದು ಗ್ರಹಿಕೆ. ಇದನ್ನು ಕಣ್ಣಾರೆ ಕಾಣಲು ಪ್ರಯೋಗಾಲಯವೇನೂ ಬೇಕಾಗಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದಕ್ಕೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬಂದ ದಿನ ಹಿಂದಿನ ಬೆಂಚಿನಲ್ಲಿ ಕುಳಿತರೆ ಸಾಕು.

ಅಧ್ಯಾಪಕರು ಒಳ್ಳೆಯವರೇ. ರಾತ್ರಿಯಿಡೀ ರೈಲಿನಲ್ಲಿ ಬಂದು, ಬಾಡಿಗೆ ಕೋಣೆ ಹುಡುಕಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದಿದ್ದಾರೆ. ಕೈಗೆ ಕೊಟ್ಟ ಕನ್ನಡ ಗಣಿತ ಪುಸ್ತಕದ ಪುಟ ಮಗುಚುತ್ತಾರೆ. ಅವರ ಅಕ್ಷಿಪಟಲದ ಮೇಲೆ ಒಂದೊಂದು ಅಕ್ಷರವೂ ಸ್ಪಷ್ಟವಾಗಿಯೇ ಮೂಡುತ್ತಿದೆ, ಅದರಲ್ಲಿ ಕೊರತೆಯಿಲ್ಲ. ಚಿತ್ರವಿದ್ದ ಪುಟ ಬಂದಾಗ ಪಾಪ, ಮುಖ ಅರಳುತ್ತದೆ. ಹಲಗೆಯ ಮೇಲೆ ತ್ರಿಕೋನ ಬರೆದು ಮಲಯಾಳದಲ್ಲಿ ವಿವರಿಸತೊಡಗುತ್ತಾರೆ. ಮಕ್ಕಳು ತ್ರಿಕೋನವನ್ನು ಕಾಪಿ ಪುಸ್ತಕಕ್ಕೆ ಇಳಿಸುತ್ತಾರೆ. 'ಮನಸ್ಸಿಲಾಯೋ?' ಎಂದರೆ ಇಡೀ ತರಗತಿ ಒಕ್ಕೊರಲಿನಿಂದ 'ಆಯಿ' ಎನ್ನುತ್ತದೆ. ಮೂರನೇ ಬೆಂಚಿನ ಹುಡುಗಿಯೊಬ್ಬಳು ಪಕ್ಕದವಳಿಗೆ ತುಳುವಿನಲ್ಲಿ ಏನೋ ಬಿಡಿಸಿ ಹೇಳಿ, ಗಲಾಟೆ ಮಾಡಿದ್ದಕ್ಕೆ ಬೈಸಿಕೊಳ್ಳುತ್ತಾಳೆ. ಆ ಪಿರಿಯಡಿನಲ್ಲಿ ನಡೆದ ಪಾಠ ಅದೊಂದೇ.

ಗಡಿನಾಡಿನ ಮಕ್ಕಳಿಗೆ ಮಲಯಾಳ ಬರುವುದಿಲ್ಲವೇ ಎಂದು ಹುಬ್ಬೇರಿಸುವವರಿದ್ದಾರೆ. ಬರುತ್ತದೆ. ಬಸ್ಸಿನ ಟಿಕೆಟಿಗೆ, ಮೀನಿನ ಚೌಕಾಸಿಗೆ, ಕ್ರಿಕೆಟ್ಟಿನ ಜಗಳಕ್ಕೆ ಧಾರಾಳ ಸಾಕು. ಭಿನ್ನರಾಶಿಯ ಜಗಳಕ್ಕೆ ಸಾಲದು. ಮೇಲಾಗಿ ಕಿವಿಯೂ ನಾವು ತಿಳಿದಷ್ಟು ನಿಷ್ಪಕ್ಷಪಾತಿಯಲ್ಲ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಮನಃಶಾಸ್ತ್ರಜ್ಞರು 1984ರಲ್ಲಿ ತೋರಿಸಿದಂತೆ, ಇಂಗ್ಲಿಷ್ ಮನೆಯ ಆರೇಳು ತಿಂಗಳ ಕೂಸಿಗೆ ಹಿಂದಿಯ ತ-ಟ ವ್ಯತ್ಯಾಸ ಸಲೀಸಾಗಿ ತಿಳಿಯುತ್ತದೆ, ವರ್ಷ ತುಂಬುವ ಹೊತ್ತಿಗೆ ಆ ಸಾಮರ್ಥ್ಯ ಬಹುಪಾಲು ಕುಂದಿರುತ್ತದೆ. ಇಲಾಖೆಗೆ ಇದರಿಂದ ಒಂದು ಸಲಹೆ: ನೇಮಕಾತಿ ಆದೇಶವನ್ನು ಹೆಸರಿಡುವ ದಿನವೇ ತೊಟ್ಟಿಲಿಗೆ ಕಟ್ಟಿಬಿಡಿ. ಐದನೇ ತರಗತಿಗೆ ಕಳುಹಿಸಿದರೆ ತಡವಾಗುತ್ತದೆ.

ಇಂಥ ನೇಮಕ ಆಗುವುದಾದರೂ ಹೇಗೆ? ಅದಕ್ಕೂ ಪುಸ್ತಕದಲ್ಲಿ ಉತ್ತರವಿದೆ. 1955ರಲ್ಲಿ ಬ್ರೂನರ್ ಮತ್ತು ಮಿಂಟರ್ನ್ ಎಂಬ ಇಬ್ಬರು ಇಂಗ್ಲಿಷಿನ 'ಬಿ' (B) ಎಂದೂ 13 ಎಂದೂ ಓದಬಹುದಾದ ಒಡಕು ಆಕೃತಿಯೊಂದನ್ನು ಜನರ ಮುಂದಿಟ್ಟರು. ಅಕ್ಷರಗಳನ್ನು ನೋಡುತ್ತಿದ್ದವರಿಗೆ ಅದು ಬಿ, ಅಂಕಿಗಳನ್ನು ನೋಡುತ್ತಿದ್ದವರಿಗೆ 13. ಈಗಲೂ ಪಠ್ಯಗಳಲ್ಲಿ ಅದನ್ನು 12 ಮತ್ತು 14ರ ನಡುವೆ ಕೂರಿಸಿ ತೋರಿಸುವ ವಾಡಿಕೆ. ತಿರುವನಂತಪುರದ ಕಡತದಲ್ಲಿಯೂ ನಮ್ಮ ಕನ್ನಡ ಹುದ್ದೆ ಹೀಗೆಯೇ ಕುಳಿತಿದೆ. ಮೇಲಿನ ಸಾಲು ಮಲಯಾಳ, ಕೆಳಗಿನ ಸಾಲು ಮಲಯಾಳ. ನಡುವಿನದು ಇನ್ನೇನಾಗಿ ಕಂಡೀತು?

ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿಯೂ ಸೇರಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಇರಬೇಕು ಎಂದು ಅದು ಹೇಳುತ್ತದೆ. ಸೌಲಭ್ಯಕ್ಕೇನು ಕಡಿಮೆ? ಕೊಠಡಿ ಇದೆ, ಬೆಂಚು ಇದೆ, ಕನ್ನಡದಲ್ಲಿ ಅಚ್ಚಾದ ಪುಸ್ತಕ ಇದೆ. ಕಿವಿಗಳನ್ನು ಮಕ್ಕಳೇ ಮನೆಯಿಂದ ತರುತ್ತಾರೆ.

ಹೆತ್ತವರು ಮನವಿ ಕೊಟ್ಟಿದ್ದಾರೆ, ಶಾಲೆಯ ಗೇಟಿನ ಮುಂದೆ ಕುಳಿತಿದ್ದಾರೆ, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ್ದಾರೆ. ಆದರೆ ಹತ್ತೊಂಬತ್ತನೇ ಶತಮಾನದಲ್ಲೇ ಎರ್ನ್ಸ್ಟ್ ವೇಬರ್ ಎಂಬ ಜರ್ಮನ್ ವಿಜ್ಞಾನಿ ಕಂಡುಕೊಂಡ ನಿಯಮ ಒಂದಿದೆ: ಕೈಯಲ್ಲಿರುವ ಭಾರ ಹೆಚ್ಚಿದಷ್ಟೂ ವ್ಯತ್ಯಾಸ ಗೊತ್ತಾಗಲು ಸೇರಿಸಬೇಕಾದ ತೂಕವೂ ಹೆಚ್ಚುತ್ತದೆ, ಸುಮಾರು ಐವತ್ತರಲ್ಲೊಂದು ಪಾಲಿನಷ್ಟಾದರೂ ಬೇಕು. ಖಾಲಿ ಮೇಜಿನ ಮೇಲೆ ಬಿದ್ದ ಮೊದಲ ಅರ್ಜಿ ಎದ್ದು ಕಂಡೀತು. ದಶಕಗಳ ಅರ್ಜಿಯ ರಾಶಿಗೆ ಇನ್ನೊಂದು ಬಿದ್ದರೆ ಯಾವ ಅಧಿಕಾರಿಯ ನರವೂ ಮಿಡಿಯದು. ಅವರನ್ನು ದೂರಬಾರದು, ಅದು ಶರೀರಧರ್ಮ. ಬೆಂಗಳೂರಿನ ಶರೀರವೂ ಬೇರೆಯದಲ್ಲ. ರಾಜ್ಯೋತ್ಸವದ ಧ್ವನಿವರ್ಧಕದಲ್ಲಿ ಅದಕ್ಕೆ ಕಾಸರಗೋಡಿನ ಹೆಸರು ಖಣಿಲನೆ ಕೇಳಿಸುತ್ತದೆ, ನವೆಂಬರ್ 2ರ ಬೆಳಿಗ್ಗೆ ಕಿವಿ ಮಾಮೂಲಿಗೆ ಮರಳುತ್ತದೆ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. 1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆಯ ಪ್ರಕಾರ ಇಲ್ಲಿನ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. 'ನಮ್ಮ ಮಕ್ಕಳಿಗೆ ಕನ್ನಡ ಬಲ್ಲ ಅಧ್ಯಾಪಕರನ್ನು ಕೊಡಿ' ಎಂದು ಅಚ್ಚಗನ್ನಡದಲ್ಲಿ ಮನವಿ ಬರೆದು ಹಾಕಿ. ಅದನ್ನು ಓದಿ ಉತ್ತರಿಸಲು ಕನ್ನಡ ಬಲ್ಲವರ ಹುದ್ದೆಯೊಂದು ಕಚೇರಿಯಲ್ಲಿ ಇರಬೇಕಲ್ಲ ಎನ್ನುತ್ತೀರಾ? ಇದೆ. 12 ಮತ್ತು 14ರ ನಡುವೆ ಇದೆ.