ಎದ್ದು ನಿಂತಾಗ ತಲೆ ಸುತ್ತುತ್ತಾ?

ಆಪರೇಷನ್ನಿನ ಹಿಂದಿನ ಸಂಜೆ ವಾರ್ಡಿಗೆ ಹೋದಾಗ ಈ ಪ್ರಶ್ನೆಯನ್ನು ತಪ್ಪದೆ ಕೇಳುತ್ತೇನೆ. ನಾನು ಅರಿವಳಿಕೆ ಕೊಡುವ ಡಾಕ್ಟರ್. "ಏನಿಲ್ಲ ಮೇಡಂ, ಆರಾಮಾಗಿದ್ದೀನಿ" ಅನ್ನುವವರೇ ಜಾಸ್ತಿ. ನಿಜ ಹೇಳಿದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ ಎಂಬ ಭಯ. ದೂರದ ಊರಿಂದ ಬಂದಿರುತ್ತಾರೆ, ಮಕ್ಕಳು ರಜೆ ಹಾಕಿರುತ್ತಾರೆ. ಆ ಕಷ್ಟ ನನಗೆ ಗೊತ್ತು. ಆದರೂ ದಯವಿಟ್ಟು ಮುಚ್ಚಿಡಬೇಡಿ.

ಸುಮ್ನೆ ಕೂತು ಮಣಿಕಟ್ಟಿನ ನಾಡಿ ಹಿಡಿದು ನೋಡಿ. ನಿಮಿಷಕ್ಕೆ 60 ಬಡಿತ ಅಂದರೆ ಗಡಿಯಾರದ ಹಾಗೆ ಸೆಕೆಂಡಿಗೊಂದು ಅಲ್ಲ. ಉಸಿರು ಎಳೆದುಕೊಂಡಾಗ ಚೂರು ಚುರುಕು, ಬಿಟ್ಟಾಗ ಚೂರು ನಿಧಾನ. ನಮ್ಮ ಗಮನಕ್ಕೇ ಬಾರದೆ ದುಡಿಯುವ ನರಗಳು ಹೃದಯದ ಲಗಾಮನ್ನು ಹೀಗೆ ಎಳೆದು ಬಿಟ್ಟು ಮಾಡುತ್ತಿರುತ್ತವೆ. ನಾವು ಎದ್ದು ನಿಂತಾಗ ಬಿಪಿ ಕುಸಿಯದಂತೆ ಕಾಯುವುದೂ ಇವೇ. ಎಷ್ಟೋ ವರ್ಷದ ಶುಗರ್ ಈ ನರಗಳನ್ನು ಹಾಳು ಮಾಡಬಹುದು. ಆಗ ನಾಡಿಯ ಆ ಏರಿಳಿತ ಕಡಿಮೆಯಾಗುತ್ತದೆ, ಎದ್ದು ನಿಂತಾಗ ಬಿಪಿ ಬಿದ್ದು ತಲೆಯೂ ಸುತ್ತಬಹುದು.

ಪಿತ್ತಕೋಶದ ಕಲ್ಲಿಗೆ ಬಂದಿದ್ದ ಹಿರಿಯರೊಬ್ಬರು, 18 ವರ್ಷದಿಂದ ಶುಗರ್. ಪ್ರೊಪೊಫಾಲ್ ಕೊಟ್ಟೆ. ಹಾಲಿನಂಥ ಬಿಳಿ ಔಷಧಿ, ಒಂದು ನಿಮಿಷದೊಳಗೆ ಕಣ್ಣು ಮುಚ್ಚಿದರು. ಇದರಿಂದ ರಕ್ತನಾಳಗಳು ಸಡಿಲವಾಗಿ ಬಿಪಿ ಸ್ವಲ್ಪ ಇಳಿಯುವುದು ಮಾಮೂಲು. ತೋಳಿನ ಪಟ್ಟಿ ಉಬ್ಬಿತು, ಇಳಿಯಿತು. 140/80 ಇದ್ದದ್ದು 72/40! ನಾಡಿ ಮಾತ್ರ 70ರಲ್ಲೇ ನಿಂತಿತ್ತು, ಕದಲಲಿಲ್ಲ. ಬಿಪಿ ಇಷ್ಟು ಬಿದ್ದಾಗ ಹೃದಯ ಜೋರಾಗಿ ಓಡಿ ಸರಿದೂಗಿಸಲು ನೋಡಬೇಕು, ಅಲ್ವಾ? ಓಡಿಸುವ ನರಗಳೇ ಸೋತಿದ್ದವು. ಬಿಪಿ ಏರಿಸುವ ಇಂಜೆಕ್ಷನ್ ಕೊಟ್ಟೆವು, ಗ್ಲೂಕೋಸ್ ಬಾಟ್ಲಿಯಲ್ಲ, ಸಲೈನ್ ಜೋರಾಗಿ ಬಿಟ್ಟೆವು. ಎರಡು ನಿಮಿಷಕ್ಕೆ ಬಿಪಿ ಮೇಲೆ ಬಂತು. ಹಾಗೇ ಕೆಳಗೆ ಉಳಿದಿದ್ದರೆ ಕಿಡ್ನಿಗೂ ಹೃದಯಕ್ಕೂ ಪೆಟ್ಟು.

ಸಂಜೆ ಅವರ ಮಗಳು ಹೇಳಿದಳು, "ಅಪ್ಪ ಬೆಳಗ್ಗೆ ಎದ್ದರೆ ಗೋಡೆ ಹಿಡ್ಕೊಂಡೇ ಬಚ್ಚಲಿಗೆ ಹೋಗೋದು ಮೇಡಂ, ಒಂದು ವರ್ಷ ಆಯ್ತು."

ಮಾತ್ರೆಗಳ ವಿಷಯವೂ ಹೀಗೇ. ಟೆಲ್ಮಿಸಾರ್ಟಾನ್‌ನಂಥ ಬಿಪಿ ಮಾತ್ರೆಯನ್ನು ಆಪರೇಷನ್ ದಿನ ಬೆಳಗ್ಗೆ ಬೇಡ ಎನ್ನುವುದುಂಟು. ಹೃದಯದ ಬಡಿತ ನಿಧಾನ ಮಾಡುವ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಿದ್ದರೆ ಥಟ್ಟನೆ ನಿಲ್ಲಿಸುವಂತಿಲ್ಲ. ನೀವೇ ತೀರ್ಮಾನ ಮಾಡಬೇಡಿ, ಸ್ಟ್ರಿಪ್ಪುಗಳನ್ನೆಲ್ಲ ತಂದು ತೋರಿಸಿ.

ಇನ್ನೊಂದು ಮಾತು. ಆ ಗೋಡೆಯ ವಿಷಯ ಹಿಂದಿನ ದಿನವೇ ಗೊತ್ತಾಗಿದ್ದರೆ ನಾನು ಬಹುಶಃ ಆಪರೇಷನ್ ಮುಂದೂಡುತ್ತಿರಲಿಲ್ಲ. ಔಷಧಿಯನ್ನು ಚೂರುಚೂರೇ ಕೊಡುತ್ತಿದ್ದೆ. ಬಿಪಿ ಏರಿಸುವ ಸಿರಿಂಜನ್ನು ಮೊದಲೇ ತುಂಬಿ ಕೈಗೆಟುಕುವಲ್ಲಿ ಇಟ್ಟುಕೊಳ್ಳುತ್ತಿದ್ದೆ.